ಏಪ್ರಿಲ್ ಬಿಸಿಲು, ತಾರಸಿ ತರಕಾರಿ ಮತ್ತು ಕೈಗುಣದ ಮಾತು

ಪ್ರಶ್ನೆ: ನಮ್ಮದು ದಾವಣಗೆರೆ. ಫೆಬ್ರವರಿಯಲ್ಲಿ ತಾರಸಿ ಮೇಲೆ 20 ಗ್ರೋ ಬ್ಯಾಗ್ (ಗಿಡ ಬೆಳೆಸುವ ಚೀಲ) ಇಟ್ಟು ಟೊಮೆಟೊ, ಬೆಂಡೆ, ಹೀರೆ, ಮೆಣಸಿನಕಾಯಿ ಹಾಕಿದ್ದೆ. ಮೊದಲ ಒಂದೂವರೆ ತಿಂಗಳು ನೋಡೋಕೇ ಖುಷಿಯಾಗುತ್ತಿತ್ತು. ಈಗ ಏಪ್ರಿಲ್‌ನಲ್ಲಿ ಟೊಮೆಟೊ ಹೂವೆಲ್ಲ ಉದುರುತ್ತಿದೆ. ಹೀರೆಯಲ್ಲಿ ಬರೀ ಹೂವು, ಕಾಯಿಯೇ ಇಲ್ಲ. ಬೆಂಡೆ ಎಲೆ ಹಳದಿಯಾಗಿದೆ, ಮೆಣಸಿನ ಎಲೆ ಮುದುಡಿದೆ. ಮಧ್ಯಾಹ್ನ ಎಲ್ಲ ಗಿಡ ಬಾಡಿ ನಿಲ್ಲುತ್ತವೆ, ನಮ್ಮ ಅತ್ತೆಯವರು ಪಾಪ ಅಂತ ಆಗಲೂ ನೀರು ಹಾಕುತ್ತಾರೆ. ಪಕ್ಕದ ಮನೆಯವರು ನಿನ್ನ ಕೈಗುಣ ಸರಿಯಿಲ್ಲ ಅಂದುಬಿಟ್ಟರು. ಎಲ್ಲ ಕಿತ್ತುಹಾಕಿ ಮಳೆಗಾಲಕ್ಕೆ ಕಾಯಲೇ?

ಉತ್ತರ: ಕೀಳಬೇಡಿ. ಕೈಗುಣದ ಮಾತನ್ನು ಮೊದಲು ಮನಸ್ಸಿನಿಂದ ತೆಗೆದುಹಾಕಿ. ತರಕಾರಿ ಬೆಳೆಯೋರ ಜೊತೆ ನಾನು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿದ್ದೇನೆ. ಪ್ರತಿ ವರ್ಷ ಯುಗಾದಿ ಕಳೆದು ಎರಡು ವಾರಕ್ಕೆ ಇದೇ ಪ್ರಶ್ನೆಗಳು ಬರೋಕೆ ಶುರುವಾಗುತ್ತವೆ. ಬರೆಯುವವರು ಬೇರೆ ಬೇರೆ, ಊರು ಬೇರೆ ಬೇರೆ, ಲಕ್ಷಣ ಮಾತ್ರ ಇವೇ ನಾಲ್ಕು. ಎಲ್ಲರ ಕೈಗುಣವೂ ಒಂದೇ ವಾರದಲ್ಲಿ ಕೆಡೋದಕ್ಕೆ ಸಾಧ್ಯವೇ ಇಲ್ಲ ಅಲ್ವಾ? ನಿಮ್ಮ ನಾಲ್ಕು ಗಿಡಗಳಿಗೂ ನಾಲ್ಕು ಬೇರೆ ಕಾರಣಗಳಿವೆ. ಎರಡು ತೊಂದರೆ ಸುಮ್ಮನಿದ್ದರೂ ತಾನಾಗಿ ಸರಿಹೋಗುತ್ತವೆ, ಒಂದಕ್ಕೆ ಸ್ವಲ್ಪ ಕೆಲಸ ಇದೆ, ಇನ್ನೊಂದು ವೈರಸ್ ಆಗಿದ್ದರೆ ಔಷಧಿಯೇ ಇಲ್ಲ.

ಟೊಮೆಟೊದಿಂದ ಶುರು ಮಾಡೋಣ, ಯಾಕೆಂದರೆ ಜನ ಜಾಸ್ತಿ ನೊಂದುಕೊಳ್ಳುವುದು ಅದರ ವಿಷಯದಲ್ಲೇ. ಟೊಮೆಟೊ ಹೂವು ಕಾಯಿ ಕಟ್ಟಬೇಕಾದರೆ ಅದರ ಪರಾಗ ಜೀವಂತವಾಗಿರಬೇಕು. ಹಗಲು 35 ಡಿಗ್ರಿ ದಾಟಿ, ರಾತ್ರಿಯೂ 22–24 ಡಿಗ್ರಿಗಿಂತ ಕೆಳಗೆ ಇಳಿಯದೇ ಹೋದರೆ ಪರಾಗ ಕೆಲಸಕ್ಕೆ ಬಾರದಂತಾಗುತ್ತದೆ. ಹೂವು ಅರಳುತ್ತದೆ, ಎರಡು ಮೂರು ದಿನ ನಿಲ್ಲುತ್ತದೆ, ಆಮೇಲೆ ತೊಟ್ಟು ಹಳದಿಯಾಗಿ ಗೆಣ್ಣಿನ ಹತ್ತಿರವೇ ಕಳಚಿ ಬೀಳುತ್ತದೆ. ದಾವಣಗೆರೆಯಲ್ಲಿ ಏಪ್ರಿಲ್ ಅಂದರೆ 37–38 ಡಿಗ್ರಿ ಮಾಮೂಲು. ಅದರ ಮೇಲೆ ನಿಮ್ಮದು ಸಿಮೆಂಟ್ ತಾರಸಿ, ಹಗಲೆಲ್ಲ ಕುಡಿದ ಬಿಸಿಯನ್ನು ರಾತ್ರಿ ಹತ್ತು ಗಂಟೆಯವರೆಗೂ ಬಿಡುತ್ತಲೇ ಇರುತ್ತದೆ, ಹಾಗಾಗಿ ಕೆಳಗಿನ ಅಂಗಳಕ್ಕೆ ತಂಪು ಬಂದರೂ ಮೇಲಿನ ಗಿಡಕ್ಕೆ ಬರುವುದಿಲ್ಲ. ಇದಕ್ಕೆ ಗೊಬ್ಬರ ಹಾಕಿ ಪ್ರಯೋಜನ ಇಲ್ಲ. ಹೂವು ನಿಲ್ಲಿಸುವ ಟಾನಿಕ್ ಅಂತ ಅಂಗಡಿಯಲ್ಲಿ ಕೊಟ್ಟರೆ ದಯವಿಟ್ಟು ದುಡ್ಡು ಹಾಕಬೇಡಿ.

ಹಾಗಾದರೆ ಏನು ಮಾಡೋದು? ಎಲೆ ಮುದುಡಿಕೊಳ್ಳದ, ಗಟ್ಟಿಯಾಗಿರುವ ಗಿಡ ಯಾವುದು ನೋಡಿ. ಅಂಥದರ ತುದಿಗಳನ್ನು ಮೂರನೇ ಒಂದು ಭಾಗ ಕತ್ತರಿಸಿ. ಮಧ್ಯಾಹ್ನ ನೆರಳು ಬೀಳುವ ಕಡೆ ಸರಿಸಿ, ಬುಡಕ್ಕೆ ಒಣ ಎಲೆಯಂಥದರ ಹೊದಿಕೆ ಹಾಕಿ, ಜೀವ ಹಿಡಿದು ಇರಲು ಬೇಕಾದಷ್ಟು ನೀರು ಮಾತ್ರ ಕೊಡಿ. ಮೊದಲ ಎರಡು ಮಳೆ ಬಿದ್ದು ರಾತ್ರಿ ತಂಪಾದ ಮೇಲೆ ಅದು ಚಿಗುರಿ ಮತ್ತೆ ಹೂ ಬಿಡುತ್ತದೆ, ಆ ಹೂವು ನಿಲ್ಲುತ್ತದೆ. ಸೊರಗಿದ ಗಿಡಗಳನ್ನು ಮಾತ್ರ ಕಿತ್ತು ಆ ಚೀಲಗಳನ್ನು ಸೊಪ್ಪಿಗೆ ಬಿಟ್ಟುಕೊಡಿ. ಮೇ ಕೊನೆಯಲ್ಲಿ, ರೋಹಿಣಿ ಮಳೆ ಹೊತ್ತಿಗೆ, ಹೊಸ ಟೊಮೆಟೊ ಸಸಿಗೆ ಬೀಜ ಹಾಕಿದರೆ 25 ದಿನಕ್ಕೆ ನಾಟಿಗೆ ಬರುತ್ತದೆ. ಈಗ ಗಿಡದಲ್ಲಿ ನಾಲ್ಕಾರು ಕಾಯಿ ಉಳಿದಿದ್ದರೆ ಪೂರ್ತಿ ಕೆಂಪಾಗಲಿ ಅಂತ ಕಾಯಬೇಡಿ. ತುದಿಯಲ್ಲಿ ಸ್ವಲ್ಪ ಬಣ್ಣ ತಿರುಗಿದ ಕೂಡಲೇ ಕಿತ್ತು ಬುಟ್ಟಿಯಲ್ಲಿಡಿ, ಅಲ್ಲೇ ಚೆನ್ನಾಗಿ ಹಣ್ಣಾಗುತ್ತದೆ. ಗಿಡದಲ್ಲೇ ಬಿಟ್ಟರೆ ಅಳಿಲಿನ ಪಾಲು. ಕಾಯಿಯ ತಳದಲ್ಲಿ ಕಪ್ಪಗೆ ಚರ್ಮದ ಹಾಗೆ ಕಲೆ ಬಿದ್ದಿದ್ದರೆ ಅದು ಹುಳವಲ್ಲ. ಒಂದು ದಿನ ಒಣಗಿಸಿ ಮರುದಿನ ತುಂಬಿಸುವ ನೀರಿನ ಏರುಪೇರಿನಿಂದ ಸುಣ್ಣದ ಅಂಶ ಕಾಯಿಯ ತುದಿಯವರೆಗೆ ತಲುಪದೆ ಹಾಗಾಗುತ್ತದೆ. ಮೊಟ್ಟೆ ಸಿಪ್ಪೆ ಹಾಕಿದರೂ ಅದು ಕರಗೋಕೆ ತಿಂಗಳುಗಟ್ಟಲೆ ಬೇಕು, ನೀರನ್ನು ದಿನಾ ಒಂದೇ ಸಮ ಕೊಡೋದೇ ಮದ್ದು.

ಈಗ ಮಧ್ಯಾಹ್ನದ ಬಾಡುವಿಕೆ. ಅತ್ತೆಯವರ ಮನಸ್ಸು ನನಗೆ ಅರ್ಥವಾಗುತ್ತದೆ, ಕಣ್ಣೆದುರು ಗಿಡ ತಲೆ ತಗ್ಗಿಸಿ ನಿಂತರೆ ಯಾರಿಗಾದರೂ ಚೊಂಬು ಹಿಡಿದು ಓಡಬೇಕು ಅನಿಸುತ್ತದೆ. ಆದರೆ ಹೀರೆ, ಸೋರೆ, ಕುಂಬಳದಂಥ ದೊಡ್ಡ ಎಲೆಯ ಬಳ್ಳಿಗಳು ಮಧ್ಯಾಹ್ನ ಬಾಡುವುದು ತಮ್ಮನ್ನು ಕಾಪಾಡಿಕೊಳ್ಳಲು. ಬೇರು ಎಳೆದುಕೊಳ್ಳುವ ವೇಗಕ್ಕಿಂತ ಎಲೆಯಿಂದ ನೀರು ಆರುವ ವೇಗ ಜಾಸ್ತಿಯಾದಾಗ ಎಲೆ ಮಡಚಿಕೊಂಡು ಬಿಸಿಲಿಗೆ ಮೈ ಕಮ್ಮಿ ಒಡ್ಡುತ್ತದೆ. ಸಂಜೆ ಆರಕ್ಕೆ ಹೋಗಿ ನೋಡಿ. ಎದ್ದು ನಿಂತಿದ್ದರೆ ಗಿಡ ಆರೋಗ್ಯವಾಗಿದೆ. ಬೆಳಗ್ಗೆ ಏಳಕ್ಕೂ ಬಾಡಿಯೇ ಇದ್ದರೆ ಮಾತ್ರ ಚಿಂತೆ ಮಾಡಬೇಕು. ಆಗ ಬೆರಳಿನ ಎರಡು ಗೆಣ್ಣು ಮಣ್ಣಿಗೆ ಇಳಿಸಿ. ಒಣಗಿದ್ದರೆ ನೀರು ಬೇಕು. ಒದ್ದೆಯಾಗಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ, ಇನ್ನೂ ನೀರು ಹಾಕಿದರೆ ಸಾಯುತ್ತದೆ. ಬೇಸಿಗೆಯಲ್ಲಿ ತಾರಸಿ ಗಿಡಗಳು ಬಾಯಾರಿಕೆಯಿಂದ ಸಾಯುವಷ್ಟೇ ಪ್ರೀತಿಯಿಂದ ಹಾಕಿದ ನೀರಿಗೂ ಸಾಯುತ್ತವೆ. ಇದನ್ನು ಅತ್ತೆಯವರಿಗೆ ತೋರಿಸಿ ಹೇಳಿ, ಬೆಳಗ್ಗೆ ನೀರು ಹಾಕುವ ಕೆಲಸವನ್ನೇ ಅವರಿಗೆ ಒಪ್ಪಿಸಿ, ಖುಷಿಪಡುತ್ತಾರೆ.

ಮಧ್ಯಾಹ್ನದ ನೀರಿಗೆ ಇನ್ನೊಂದು ಅಪಾಯ ಇದೆ. ಓವರ್‌ಹೆಡ್ ಟ್ಯಾಂಕಿನಿಂದ ಬರುವ ಪೈಪು ಬಿಸಿಲಲ್ಲೇ ಮಲಗಿರುತ್ತದೆ. ಎರಡು ಗಂಟೆಗೆ ನಲ್ಲಿ ತಿರುಗಿಸಿದರೆ ಮೊದಲು ಬರುವ ನೀರು ಕೈಗೇ ಚುರುಕ್ ಅನ್ನುತ್ತದೆ, ಬೇರಿಗೆ ಹೇಗಿರಬೇಡ! ಸಂಜೆ ಹಾಕಲೇಬೇಕಾದರೂ ಆ ನೀರನ್ನು ಬಕೆಟ್ಟಿಗೆ ಬಿಟ್ಟು ಆರಿಸಿ ಹಾಕಿ. ಬೆಳಗ್ಗೆ ಏಳರೊಳಗೆ 12 ಇಂಚಿನ ಚೀಲಕ್ಕೆ ಒಂದೂವರೆಯಿಂದ ಎರಡು ಲೀಟರ್, ಎರಡು ಸಲ ಮಾಡಿ ಹಾಕಿ. ಮೊದಲ ಸಲ ಮಣ್ಣು ನೆನೆಯಲಿ, ಹತ್ತು ನಿಮಿಷ ಬಿಟ್ಟು ಎರಡನೇ ಸಲ ಹಾಕಿದರೆ ಕೆಳಗೆ ಸೋರಿಹೋಗದೆ ಒಳಗೇ ನಿಲ್ಲುತ್ತದೆ.

ನೀರಿನ ವಿಷಯ ಬಂತು, ಹೇಳಿಬಿಡುತ್ತೇನೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು. ಆ ಬೇಸಿಗೆಯಲ್ಲಿ ಅಲ್ಲಿನ ಎಷ್ಟೋ ಮನೆಗಳಲ್ಲಿ ತೋಟ ಉಳಿದದ್ದು ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಸೊಪ್ಪು ತೊಳೆದ ನೀರಿನಿಂದ. ನೀವೂ ಸಿಂಕಿನ ಪಕ್ಕ ಒಂದು ಬಕೆಟ್ ಇಡಿ. ಸೋಪು, ಉಪ್ಪು, ಎಣ್ಣೆ ಇರುವ ನೀರು ಬೇಡ. ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರಿನಲ್ಲಿ ಲವಣ ಜಾಸ್ತಿ. ದಿನಾ ಅದನ್ನೇ ಹಾಕಿದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಎಲೆ ಅಂಚು ಸುಡುತ್ತದೆ. ಅದನ್ನು ನೆಲ ಒರೆಸೋಕೆ ಇಟ್ಟುಕೊಳ್ಳಿ.

ಬಿಸಿಲಿನ ಬಗ್ಗೆ ಎಲ್ಲರೂ ಎಲೆ ನೋಡಿ ಯೋಚಿಸುತ್ತಾರೆ. ತಾರಸಿಯಲ್ಲಿ ನಿಜವಾದ ಪೆಟ್ಟು ಬೀಳುವುದು ಬೇರಿಗೆ. ನೆಲದಲ್ಲಿರುವ ಗಿಡದ ಬೇರಿಗೆ ಸುತ್ತ ತಣ್ಣನೆಯ ಮಣ್ಣು ಇರುತ್ತದೆ. ಚೀಲದ ಗಿಡದ ಬೇರು ಹೊರಮೈಗೆ ಅಂಟಿಕೊಂಡೇ ಬೆಳೆದಿರುತ್ತದೆ, ಪಶ್ಚಿಮದ ಬಿಸಿಲು ಆ ಮೈಗೆ ಹೊಡೆದರೆ ಒಳಗೆ ಬೇಯುತ್ತದೆ. ಚೀಲ, ಕುಂಡಗಳನ್ನು ನೆಲದಿಂದ ಎತ್ತಿ ಎರಡೆರಡು ಇಟ್ಟಿಗೆ ಮೇಲೆ ಕೂರಿಸಿ. ದೂರ ದೂರ ಇಟ್ಟದ್ದನ್ನು ಒಂದಕ್ಕೊಂದು ತಾಗುವ ಹಾಗೆ ಗುಂಪು ಮಾಡಿ, ಪಶ್ಚಿಮದ ಸಾಲಿಗೆ ಹಳೆ ಗೋಣಿಚೀಲ ಸುತ್ತಿ. ಮಣ್ಣಿನ ಮೇಲೆ ಎರಡು ಇಂಚು ಹೊದಿಕೆ ಹಾಕಿ. ಇದೊಂದನ್ನು ಇವತ್ತೇ ಮಾಡಿ. ಚನ್ನಗಿರಿ ಕಡೆಯಿಂದ ಅಡಿಕೆ ಸಿಪ್ಪೆ ಸಿಕ್ಕರೆ ಬಹಳ ಒಳ್ಳೆಯದು, ಇಲ್ಲವೇ ಕಬ್ಬಿನ ರವದಿ, ತೆಂಗಿನ ನಾರು, ಒಣಗಿದ ಎಲೆ, ಏನಾದರೂ ಆದೀತು. ಬುಡಕ್ಕೆ ತಾಗದ ಹಾಗೆ ಎರಡು ಬೆರಳು ಜಾಗ ಬಿಡಿ. ಹೊದಿಕೆ ಹಾಕಿದ ಚೀಲಕ್ಕೂ ಹಾಕದ್ದಕ್ಕೂ ಇರುವ ವ್ಯತ್ಯಾಸವನ್ನು ಮಧ್ಯಾಹ್ನ ಕೈಯಿಟ್ಟು ನೋಡಿ ನೀವೇ ತಿಳಿದುಕೊಳ್ಳಬಹುದು.

ಹಸಿರು ನೆರಳುಪರದೆ ಕಟ್ಟಬೇಕಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಮೆಣಸು, ಟೊಮೆಟೊ, ಸೊಪ್ಪಿನ ಮೇಲೆ ಶೇಕಡ 35 ಅಥವಾ 50ರಷ್ಟು ಬಿಸಿಲು ತಡೆಯುವ ಪರದೆ ಸಾಕು. 75ರದ್ದು ತಂದು ಕಟ್ಟಿದರೆ ಗಿಡ ಬೆಳಕಿಗಾಗಿ ಉದ್ದುದ್ದ ಸೊರಗಿ ಬೀಳುತ್ತದೆ. ನಾಲ್ಕೂ ಕಡೆ ಮುಚ್ಚಬೇಡಿ, ಜೇನು ಬರೋದಿಲ್ಲ. ನನಗೆ ಪರದೆಗಿಂತ ಇಷ್ಟವಾದದ್ದು ಚಪ್ಪರ. ನಿಮ್ಮ ಹೀರೆ ಬಳ್ಳಿ ಹೇಗೂ ಇದೆ. ನಾಲ್ಕು ಕೋಲು, ಮೇಲೆ ಹಗ್ಗದ ಜಾಲ. ಬಳ್ಳಿ ಮೇಲೇರಿದರೆ ಅದೇ ನೆರಳು, ಅದರ ಕೆಳಗೆ ಮೆಣಸು, ಮೆಂತ್ಯ, ದಂಟು. ನಮ್ಮ ಹಿರಿಯರ ಹಿತ್ತಲಲ್ಲಿ ಚಪ್ಪರ ಇದ್ದದ್ದು ಸುಮ್ನೆ ಅಲ್ಲ.

ಹೀರೆಗೆ ಬರೋಣ, ಇದು ಸಂತೋಷದ ಸುದ್ದಿ. ನಿಮಗೆ ಕಾಣುತ್ತಿರುವುದು ಗಂಡು ಹೂವುಗಳು. ಹೀರೆ, ಸೋರೆ, ಹಾಗಲ, ಸೌತೆ ಎಲ್ಲದರಲ್ಲೂ ಗಂಡು ಹೂವು ಮೊದಲು ಬರುತ್ತವೆ, ಹೀರೆಯಲ್ಲಂತೂ ಗೊಂಚಲು ಗೊಂಚಲಾಗಿ. ಹೆಣ್ಣು ಹೂವು ಹತ್ತು ಹದಿನೈದು ದಿನ ತಡ. ಸೆಕೆ ಜಾಸ್ತಿ ಇದ್ದಷ್ಟೂ ಗಂಡು ಹೂವೇ ಜಾಸ್ತಿ, ಸಾರಜನಕದ ಗೊಬ್ಬರ ಜಾಸ್ತಿಯಾದರೂ ಹಾಗೇ. ಹಾಗಾಗಿ ಗೊಬ್ಬರ ಈಗ ನಿಲ್ಲಿಸಿ, ಬಳ್ಳಿಯ ತುದಿ ಚಿವುಟಿ. ಪಕ್ಕದ ಕವಲು ಒಡೆಯುತ್ತವೆ, ಹೆಣ್ಣು ಹೂವು ಜಾಸ್ತಿ ಬರುವುದು ಆ ಕವಲುಗಳಲ್ಲೇ. ಹೆಣ್ಣು ಹೂವನ್ನು ಗುರುತಿಸೋದು ಸುಲಭ, ಹೂವಿನ ಹಿಂದೆ ಬೆರಳಿನ ತುದಿಯಷ್ಟು ಪುಟ್ಟ ಹೀರೆಕಾಯಿ ಆಗಲೇ ಇರುತ್ತದೆ.

ಆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ತಲುಪಿಲ್ಲ ಅಂತ ಅರ್ಥ. ಊರಿನ ನಡುವಿನ ಎರಡನೇ ಮಹಡಿಗೆ ಜೇನು ಬರೋದು ಕಡಿಮೆ, ಕೈಯಲ್ಲೇ ಮಾಡಬೇಕು. ಇಲ್ಲೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸೌತೆ, ಹಾಗಲ, ಕುಂಬಳದ ಹೂವು ಬೆಳಗ್ಗೆ ಅರಳುತ್ತದೆ. ಹೀರೆ ಮತ್ತು ಸೋರೆಯದು ಸಂಜೆ. ಬೆಳಗ್ಗೆ ಬ್ರಷ್ ಹಿಡಿದು ಹೋಗಿ ಹೀರೆ ಹೂವಿಗೆ ಉಜ್ಜಿದರೆ ಏನೂ ಆಗೋದಿಲ್ಲ. ಸಂಜೆ ಆರು ಗಂಟೆ ಹೊತ್ತಿಗೆ ಹೋಗಿ. ಆಗತಾನೆ ಅರಳಿದ ಗಂಡು ಹೂವು ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಮುಟ್ಟಿಸಿ. ಒಂದು ಗಂಡು ಹೂವು ಎರಡು ಮೂರು ಹೆಣ್ಣಿಗೆ ಸಾಕು. ಮೂರನೇ ದಿನ ಕಾಯಿ ದಪ್ಪಗಾಗಿ ಕೆಳಗೆ ಬಾಗಿದ್ದರೆ ಆಯಿತು. ನಾನು ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಇದನ್ನು ಕಲಿಸಿದ್ದೇನೆ. ತಾವೇ ಮುಟ್ಟಿಸಿದ ಹೂವು ಒಂದು ವಾರದಲ್ಲಿ ಗೇಣುದ್ದ ಕಾಯಿಯಾದಾಗ ಅವರ ಮುಖ ನೋಡಬೇಕು. ಆ ಕಾಯಿಯ ಸಿಪ್ಪೆ ಕೂಡ ಚಟ್ನಿಗೆ ಬರುತ್ತದೆ, ಔಷಧಿ ಹೊಡೆಯದ ಕಾಯಿಯ ಸಿಪ್ಪೆಯನ್ನು ಯೋಚನೆಯಿಲ್ಲದೆ ತಿನ್ನೋದು ಮನೆಯಲ್ಲಿ ಬೆಳೆದವರಿಗೆ ಸಿಗುವ ಸುಖ.

ಕಾಯಿ ಕಚ್ಚಿದ ಕೂಡಲೇ ಹಳೆ ದಿನಪತ್ರಿಕೆಯನ್ನು ಕೊಳವೆ ಮಾಡಿ ತೊಡಿಸಿ. ಹಣ್ಣುನೊಣ ಎಳೆ ಕಾಯಿಗೆ ಚುಚ್ಚಿ ಮೊಟ್ಟೆ ಇಡುತ್ತದೆ, ಕಾಯಿ ಸೊಟ್ಟಗಾಗಿ ಅಂಟು ಸೋರಿ ಒಳಗೆ ಹುಳ ಆಗುತ್ತದೆ. ಮೊದಲ ಮಳೆ ಬಿದ್ದ ಮೇಲೆ ಅದರ ಕಾಟ ಇನ್ನೂ ಜಾಸ್ತಿ. ಬಳ್ಳಿ ತರಕಾರಿಯ ನೊಣಕ್ಕೆ ಅಂತಲೇ ಇರುವ ಮೋಹಕ ಬಲೆ, ಅಂದರೆ ವಾಸನೆಯಿಂದ ನೊಣವನ್ನು ಸೆಳೆದು ಹಿಡಿಯುವ ಬಲೆ, ಒಂದನ್ನು ಕಟ್ಟಿ. ಮಾವಿನ ನೊಣದ್ದು ಬೇರೆ, ಕೇಳಿ ತನ್ನಿ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಎರಡು ದಿನ ಬಿಸಿಲಿಗಿಡಿ.

ಬೆಂಡೆಯ ವಿಷಯದಲ್ಲಿ ಎಲೆಯನ್ನು ಹತ್ತಿರದಿಂದ ನೋಡಬೇಕು, ಹಳದಿ ಅನ್ನುವ ಒಂದೇ ಮಾತು ಸಾಲದು. ಕೆಳಗಿನ ಹಳೆ ಎಲೆ ಒಂದೇ ಸಮ ಹಳದಿಯಾಗಿದ್ದರೆ ಗಿಡಕ್ಕೆ ಹಸಿವು, ಎರೆಗೊಬ್ಬರ ಎರಡು ಹಿಡಿ ಕೊಡಿ. ಮೇಲಿನ ಎಳೆ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಹಳದಿಯಾಗಿದ್ದರೆ ಕಬ್ಬಿಣದ ಕೊರತೆ, ಬೋರ್‌ವೆಲ್‌ನ ಗಡಸು ನೀರು ಹಾಕುವ ಮನೆಗಳಲ್ಲಿ ಇದು ಮಾಮೂಲು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿದ ‘ವೆಜಿಟೇಬಲ್ ಸ್ಪೆಷಲ್’ ಅಂತ ಪುಡಿ ಸಿಗುತ್ತದೆ, ಪ್ಯಾಕೆಟ್ ಮೇಲೆ ಹೇಳಿದಷ್ಟೇ ನೀರಿಗೆ ಕಲಸಿ ಎಲೆಗೆ ಸಿಂಪಡಿಸಿ, ವಾರದಲ್ಲಿ ಹಸಿರು ತಿರುಗುತ್ತದೆ. ಆದರೆ ನರಗಳೇ ಹಳದಿಯಾಗಿ ಎಲೆ ಮೇಲೆ ಬಲೆ ನೇಯ್ದ ಹಾಗೆ ಕಂಡರೆ ಅದು ಹಳದಿ ನಂಜು ರೋಗ. ವೈರಸ್. ಬಿಳಿನೊಣ ಹರಡುತ್ತದೆ. ಇದಕ್ಕೆ ಮದ್ದಿಲ್ಲ. ಆ ಗಿಡ ಕಿತ್ತುಬಿಡಿ, ಹೂವು ಬಿಟ್ಟಿದ್ದರೂ ಕೀಳಿ. ನೋವಾಗುತ್ತದೆ, ಗೊತ್ತು. ಆದರೆ ಒಂದನ್ನು ಉಳಿಸಿಕೊಳ್ಳಲು ಹೋದರೆ ಪಕ್ಕದ ಐದಕ್ಕೂ ಹಬ್ಬುತ್ತದೆ. ಹಳದಿ ಬಣ್ಣದ ರಟ್ಟಿಗೆ ಹರಳೆಣ್ಣೆ ಸವರಿ ಗಿಡದ ಎತ್ತರಕ್ಕೆ ನೇತುಹಾಕಿ, ಬಿಳಿನೊಣ ಬಂದು ಅಂಟುತ್ತವೆ. ಅದೇ ಸಂಸ್ಥೆಯ ಅರ್ಕಾ ಅನಾಮಿಕ ತಳಿಯನ್ನು ಈ ರೋಗ ತಡೆಯಲೆಂದೇ ಬಿಡುಗಡೆ ಮಾಡಿದ್ದು, ಈಗೀಗ ಅದಕ್ಕೂ ರೋಗ ಬರುತ್ತದೆ, ಆದರೂ ಮನೆಗೆ ನಾನು ಅದನ್ನೇ ಹೇಳುತ್ತೇನೆ. ಕಿತ್ತ ಜಾಗಕ್ಕೆ ಈಗಲೇ ಬೀಜ ಹಾಕಿ. ಬೆಂಡೆ ಸೆಕೆಯನ್ನು ಇಷ್ಟಪಡುವ ಗಿಡ, 45 ದಿನದ ಹೊತ್ತಿಗೆ ಹೂವಿಗೆ ಬರುತ್ತದೆ. ಕಾಯಿ ಬರೋಕೆ ಶುರುವಾದ ಮೇಲೆ ದಿನ ಬಿಟ್ಟು ದಿನ ಕೀಳಲೇಬೇಕು, ಇಲ್ಲದಿದ್ದರೆ ನಾರಾಗುತ್ತದೆ. ಅಂಗಡಿಯಲ್ಲಿ ತುದಿ ಮುರಿದು ನೋಡಿ ಬೈಸಿಕೊಳ್ಳುತ್ತೇವಲ್ಲ, ನಿಮ್ಮ ತಾರಸಿಯಲ್ಲಿ ಎಷ್ಟು ಬೇಕಾದರೂ ಮುರಿದು ನೋಡಬಹುದು.

ಮೆಣಸಿನ ಎಲೆ ಮುದುಡುವ ಮುಟುರು ರೋಗದಲ್ಲೂ ಎರಡು ಬಗೆ. ಎಲೆಯ ಅಂಚು ಮೇಲಕ್ಕೆ ದೋಣಿಯ ಹಾಗೆ ಮಡಚಿದ್ದರೆ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ. ಕೆಳಕ್ಕೆ ಮಡಚಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ಒಣ ಸೆಕೆಯೇ ಹಬ್ಬ. ಬೆಳಗ್ಗೆ ಎಲೆಯ ಅಡಿಗೆ ಬೀಳುವಂತೆ ಜೋರಾಗಿ ನೀರು ಚಿಮುಕಿಸಿ. ವಾರಕ್ಕೊಮ್ಮೆ ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಅದು ಬೆರೆಯೋಕೆ ಸ್ವಲ್ಪ ಅಂಟುವಾಳದ ನೀರು ಹಾಕಿ, ಸೂರ್ಯ ಮುಳುಗಿದ ಮೇಲೆ ಹೊಡೆಯಿರಿ. ಹಗಲು ಹೊಡೆದರೆ ಎಲೆ ಸುಡುತ್ತದೆ. ಗಂಧಕ ಒಳ್ಳೆಯ ಔಷಧಿಯೇ, ಆದರೆ ಈ ಬಿಸಿಲಲ್ಲಿ ಬೇಡ, ಅದೂ ಎಲೆ ಸುಡುತ್ತದೆ. ತೀರಾ ಮುದುಡಿದ ತುದಿಗಳನ್ನು ಕತ್ತರಿಸಿ ಎಸೆಯಿರಿ. ಹೊಸ ಚಿಗುರು ನೇರವಾಗಿ ಬಂದರೆ ಗೆದ್ದಿರಿ. ಮತ್ತೆ ಮತ್ತೆ ಮುದುಡಿ ಎಲೆ ಚಿಕ್ಕದಾಗುತ್ತಾ ಹೋದರೆ ಅದೂ ವೈರಸ್, ಕೀಳೋದೇ.

ಗೊಬ್ಬರದ ಬಗ್ಗೆ ಒಂದು ಎಚ್ಚರಿಕೆ. ಕೆಲವು ವರ್ಷದ ಹಿಂದೆ ಪೂರ್ತಿ ಕಳಿತಿದೆ ಅಂತ ಹೇಳಿ ಒಬ್ಬರು ಕೊಟ್ಟ ಕೋಳಿಗೊಬ್ಬರವನ್ನು ನಾನು ಏಪ್ರಿಲ್‌ನಲ್ಲಿ ಬದನೆಗೆ ಹಾಕಿದೆ. ಕಳಿತಿರಲಿಲ್ಲ. ನಾಲ್ಕೇ ದಿನದಲ್ಲಿ ಹನ್ನೊಂದು ಗಿಡ ಬುಡದಿಂದ ಸುಟ್ಟವು. ಆ ವಾರ ತಾರಸಿಗೆ ಹತ್ತೋಕೇ ಮನಸ್ಸಾಗಲಿಲ್ಲ. ಗೊಬ್ಬರವನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ ನೋಡಿ, ಮಳೆ ಬಿದ್ದ ಮಣ್ಣಿನ ವಾಸನೆ ಇರಬೇಕು. ಮೂಗಿಗೆ ಘಾಟು ಹೊಡೆದರೆ, ಒಳಗೆ ಬಿಸಿಯಿದ್ದರೆ ಇನ್ನೂ ಎರಡು ತಿಂಗಳು ನೆರಳಲ್ಲಿ ಬಿಡಿ.

ಖಾಲಿಯಾದ ಚೀಲಗಳಿಗೆ ಏನು ಹಾಕಬೇಕು ಅಂದರೆ, ಈ ಕಾಲವನ್ನು ಪ್ರೀತಿಸುವ ಗಿಡಗಳನ್ನು ಹಾಕಿ. ದಂಟು, ಹರಿವೆ 25–30 ದಿನಕ್ಕೆ ಕೈಗೆ ಬರುತ್ತವೆ. ಬಸಳೆಯ ಒಂದು ಗೇಣು ಕಡ್ಡಿ ಊರಿದರೆ ಸಾಕು, ಹಿಡಿದುಕೊಳ್ಳುತ್ತದೆ. ಪುಂಡಿ, ಅಲಸಂದೆ, ಗೋಳಿಸೊಪ್ಪು ಎಲ್ಲ ಆಗುತ್ತವೆ. ಕೊತ್ತಂಬರಿ ಮಾತ್ರ ಈಗ ಬೇಡ, ಗೇಣು ಬೆಳೆಯೋದರೊಳಗೆ ಹೂವಿಗೆ ಹೋಗುತ್ತದೆ. ಕರಾವಳಿಯಲ್ಲಿ ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲೇ ಸೌತೆ, ಹರಿವೆ, ಅಲಸಂಡೆ, ಬೆಂಡೆ ಹಾಕುತ್ತಾರೆ. ಬೆಳೆದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿದರೆ ಮಳೆಗಾಲವೆಲ್ಲ ಸಾಂಬಾರಿಗೆ ಬರುತ್ತದೆ. ಅವರು ಬೇಸಿಗೆಯಲ್ಲಿ ಟೊಮೆಟೊ ಜೊತೆ ಗುದ್ದಾಡಲಿಲ್ಲ. ನಿಮ್ಮ ಕಡೆ ಜೋಳದ ರೊಟ್ಟಿ ಜೊತೆ ಹಸಿ ಮೆಂತ್ಯ ತಿನ್ನುತ್ತೀರಲ್ಲ, ಹೀರೆ ಚಪ್ಪರದ ನೆರಳಲ್ಲಿ ಎರಡು ಚೀಲ ಮೆಂತ್ಯ ಚೆಲ್ಲಿ. ಊಟಕ್ಕೆ ಕೂರುವ ಮುಂಚೆ ಹೋಗಿ ಕಿತ್ತು ತೊಳೆದು ತಂದ ಸೊಪ್ಪಿನ ರುಚಿಯೇ ಬೇರೆ.

ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅನ್ನುತ್ತಾರೆ. ಅದು ಏಪ್ರಿಲ್ ಕೊನೆಗೆ. ತಾರಸಿಗೆ ಅದು ಗಾಳಿ, ಆಲಿಕಲ್ಲು ಎಲ್ಲ ಹೊತ್ತು ಬರುತ್ತದೆ. ಮೋಡ ಕಟ್ಟುವ ಮುಂಚೆ ಚಪ್ಪರದ ಕೋಲುಗಳನ್ನು ಪ್ಯಾರಾಪೆಟ್ ಗೋಡೆಗೆ ಬಿಗಿಯಾಗಿ ಕಟ್ಟಿ, ಚೀಲದ ತಳದ ತೂತು ಕಟ್ಟಿಕೊಂಡಿದ್ದರೆ ಬಿಡಿಸಿ, ತಾರಸಿಯ ನೀರು ಹೋಗುವ ಬಾಯಿಗೆ ಒಣ ಎಲೆ ಸೇರಿದ್ದರೆ ತೆಗೆಯಿರಿ.

ಹೀರೆ ಚೆನ್ನಾಗಿ ಬಂದರೆ, ಮೊದಮೊದಲು ಬಿಟ್ಟ ಕಾಯಿಗಳಲ್ಲಿ ನೇರವಾಗಿರುವ ಒಂದನ್ನು ಕೀಳದೆ ಬಳ್ಳಿಯಲ್ಲೇ ಬಿಡಿ. ಒಣಗಿ ಕಂದು ಬಣ್ಣಕ್ಕೆ ಬಂದು, ಅಲ್ಲಾಡಿಸಿದರೆ ಒಳಗೆ ಗಲಗಲ ಅನ್ನಬೇಕು. ಆ ಬೀಜವನ್ನು ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟರೆ ಮುಂದಿನ ಬೇಸಿಗೆಗೆ ನಿಮ್ಮದೇ ಬೀಜ. ನೀವು ಹಾಕಿದ ಬೀಜದ ಪ್ಯಾಕೆಟ್ ಇದ್ದರೆ ತೆಗೆದು ನೋಡಿ, ಅದರ ಮೇಲೆ ಎಫ್1 ಅಂತ ಇದ್ದರೆ ಅದು ಹೈಬ್ರಿಡ್, ಅದರ ಬೀಜದಿಂದ ಅದೇ ತರಹದ ಕಾಯಿ ಬರೋದಿಲ್ಲ. ಹಾಗಿದ್ದರೆ ಆ ಕಾಯಿಯನ್ನೂ ಎಳಸಿರುವಾಗಲೇ ಕಿತ್ತು ಪಲ್ಯ ಮಾಡಿ.